ಸಣ್ಣ ಇಂಜಿನುಗಳೂ ಪೆಟ್ರೋಲಿಗೆ ಬೆರೆಸುವ ದ್ರವ್ಯಗಳೂ

ಮಲೆನಾಡು ಮತ್ತು ಕರಾವಳಿಯ ಅಡಕೆ ಬೆಳೆಗಾರರಿಗೆ ಮುಂಗಾರಿನ ಆರಂಭವು ವರ್ಷದ ಆದಾಯವನ್ನು ನಿಶ್ಚಯಿಸುವ ಕಾಲವಾಗಿರುತ್ತದೆ. ಮಳೆ ಹಿಡಿಯುವುದಕ್ಕೆ ಮುಂಚೆ ಶೇಕಡ 1ರ ಬೋರ್ಡೋ ದ್ರಾವಣವನ್ನು ಗೊನೆಗಳಿಗೆ ಚೆನ್ನಾಗಿ ತಗಲುವಂತೆ ಹೊಡೆದು, 40ರಿಂದ 45 ದಿವಸಗಳ ತರುವಾಯ ಮಳೆಯ ಹೊಳವು ನೋಡಿ ಎರಡನೆಯ ಸಲ ಹೊಡೆದರೆ ಕೊಳೆರೋಗವನ್ನು ಬಹುಮಟ್ಟಿಗೆ ತಡೆಯಬಹುದು. ಮೈಸೂರು ಸಂಸ್ಥಾನದ ಸೇವೆಯಲ್ಲಿದ್ದ ಡಾಕ್ಟರ್ ಲೆಸ್ಲಿ ಸಿ. ಕೋಲ್ಮನ್ ಅವರು ಈ ರೋಗವನ್ನು ಕುರಿತು 1910ರಲ್ಲಿ ಪುಸ್ತಿಕೆಯನ್ನು ಪ್ರಕಟಿಸಿದಂದಿನಿಂದ ಈ ವಿಷಯವು ಬೆಳೆಗಾರರಿಗೆ ಪರಿಚಿತವಾದದ್ದೇ ಆಗಿದೆ. ಮೈಲುತುತ್ತವೂ ಸುಣ್ಣವೂ ಮನೆಯಲ್ಲಿ ಸಿದ್ಧವಾಗಿರುತ್ತವೆ, ಕೊನೆಗಾರರೂ ಹೇಳಿದ ದಿವಸ ಬರುತ್ತಾರೆ, ಆಕಾಶವೂ ತೆರವಾಗಿರುತ್ತದೆ. ಆದರೆ ಹಿಂದಿನ ವರ್ಷದ ಮಳೆಗಾಲದ ಬಳಿಕ ಕೊಟ್ಟಿಗೆಯ ಮೂಲೆಯಲ್ಲಿ ಇಟ್ಟಿದ್ದ ಔಷಧಿ ಹೊಡೆಯುವ ಇಂಜಿನು, ಹಗ್ಗವನ್ನು ಎಷ್ಟು ಸಲ ಎಳೆದರೂ ಹೊತ್ತಿಕೊಳ್ಳುವುದಿಲ್ಲ. ಅದನ್ನು ಪೇಟೆಗೆ ಒಯ್ದು ರಿಪೇರಿ ಮಾಡಿಸಿ ತರುವಷ್ಟರಲ್ಲಿ ಮಳೆ ಹಿಡಿದುಬಿಡುತ್ತದೆ. ಹೀಗೆ ಒಂದು ಸಣ್ಣ ಯಂತ್ರದ ಅಲಕ್ಷ್ಯದಿಂದ ಇಡೀ ತೋಟದ ಫಸಲು ಅಪಾಯಕ್ಕೆ ಒಳಗಾಗುವುದುಂಟು.

ಇಂತಹ ತೊಂದರೆಗೆ ಪರಿಹಾರವೆಂದು ಪೇಟೆಯ ಅಂಗಡಿಗಳಲ್ಲಿ ನಾನಾ ವಿಧವಾದ ಸೀಸೆಗಳು ಈಗ ಮಾರಾಟಕ್ಕೆ ಬಂದಿವೆ. ಪೆಟ್ರೋಲಿಗೆ ಬೆರೆಸುವ ಈ ದ್ರವ್ಯಗಳನ್ನು ವ್ಯಾಪಾರಿಗಳು ‘ಅಡಿಟಿವ್’ ಎಂದು ಕರೆಯುತ್ತಾರೆ. ಇವುಗಳಲ್ಲಿ ಕೆಲವು ಅತ್ಯವಶ್ಯವಾದವು, ಕೆಲವು ಸಮಯವರಿತು ಬಳಸಿದರೆ ಪ್ರಯೋಜನಕರವಾದವು, ಮತ್ತೆ ಕೆಲವು ಕೇವಲ ಹಣದ ವ್ಯಯಕ್ಕೆ ಕಾರಣವಾದವು. ಯಾವುದು ಯಾವ ಬಗೆಯದೆಂಬುದನ್ನು ಅರಿಯದೆ ಕೊಂಡಲ್ಲಿ ನಷ್ಟವೇ ಹೊರತು ಲಾಭವಿಲ್ಲ. ಆದುದರಿಂದ ಈ ವಿಷಯವನ್ನು ಇಲ್ಲಿ ಸ್ವಲ್ಪ ವಿವರವಾಗಿ ಹೇಳಲಾಗಿದೆ.

ಇಂಜಿನು ಕೆಡುವುದಕ್ಕೆ ಕಾರಣ

ದಿನವೂ ಓಡುವ ಇಂಜಿನಿಗಿಂತ ತಿಂಗಳುಗಟ್ಟಲೆ ಸುಮ್ಮನೆ ನಿಂತಿರುವ ಇಂಜಿನಿಗೆ ಪೆಟ್ರೋಲಿನಿಂದ ಆಗುವ ತೊಂದರೆಯೇ ಹೆಚ್ಚು. ಪೆಟ್ರೋಲು ಒಂದೇ ಪದಾರ್ಥವಲ್ಲ; ಹಲವು ಬಗೆಯ ಹಗುರವಾದ ಮತ್ತು ಭಾರವಾದ ಎಣ್ಣೆಗಳ ಮಿಶ್ರಣ. ಅದನ್ನು ಬಹುಕಾಲ ಇಟ್ಟರೆ ಬೇಗನೆ ಆವಿಯಾಗತಕ್ಕ ಹಗುರವಾದ ಅಂಶಗಳು ಮೊದಲು ಹಾರಿಹೋಗುತ್ತವೆ. ತಣ್ಣಗಿರುವ ಇಂಜಿನು ಹೊತ್ತಿಕೊಳ್ಳಲು ಈ ಅಂಶಗಳೇ ಬೇಕು. ಉಳಿದ ಅಂಶಗಳಲ್ಲಿ ಒಲೆಫಿನ್ ಎಂಬ ಜಾತಿಯವು ಗಾಳಿಯ ಆಮ್ಲಜನಕದೊಡನೆ ಸೇರಿ, ಕ್ರಮೇಣ ಹಲಸಿನ ಮೇಣದಂತೆ ಅಂಟಾದ ಪದಾರ್ಥವಾಗಿ ಮಾರ್ಪಡುತ್ತವೆ. ಕಾರ್ಬುರೇಟರಿನಲ್ಲಿ ಪೆಟ್ರೋಲು ಹಾಯುವ ಜೆಟ್ಟಿನ ರಂಧ್ರವು ಸೂಜಿಯ ಮೊನೆಯಷ್ಟು ಸಣ್ಣದು. ಕಾರ್ಬುರೇಟರಿನ ಬಟ್ಟಲಿನಲ್ಲಿ ಉಳಿದ ಕೆಲವು ಚಮಚ ಪೆಟ್ರೋಲು ಒಣಗಿ ಅಂಟಾದರೆ ಈ ರಂಧ್ರವು ಮುಚ್ಚಿಹೋಗುತ್ತದೆ. ಮಳೆಗಾಲದ ಮೊದಲಲ್ಲಿ ಮೊಂಡು ಹಿಡಿದು ನಿಲ್ಲುವ ಇಂಜಿನುಗಳಲ್ಲಿ ಬಹುಪಾಲಿನ ರೋಗವು ಇದೇ ಆಗಿರುತ್ತದೆ.

ಈಥನಾಲೂ ನೀರೂ

ಈಗ ದೊರೆಯುವ ಪೆಟ್ರೋಲಿನಲ್ಲಿ ಈಥನಾಲ್ ಎಂಬ ಮದ್ಯಸಾರವು ಸೇರಿರುತ್ತದೆಂಬುದನ್ನು ಎಲ್ಲರೂ ತಿಳಿದಿರಬೇಕು. ಇದು ತೀರ ಹೊಸದಾದ ಯೋಚನೆಯೇನೂ ಅಲ್ಲ. 1948ರಷ್ಟು ಹಿಂದೆಯೇ ನಮ್ಮ ದೇಶದಲ್ಲಿ ಇಂಧನ ಮದ್ಯಸಾರದ ಬಗ್ಗೆ ಒಂದು ಕಾಯಿದೆಯಾಗಿತ್ತು. 2022ರ ಜೂನ್ ತಿಂಗಳಲ್ಲಿ ದೇಶದ ಸರಾಸರಿ ಮಿಶ್ರಣವು ಶೇಕಡ 10ನ್ನು ಮುಟ್ಟಿತು. ಶೇಕಡ 20ರ ಮಿಶ್ರಣವನ್ನು 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲಿ ಪ್ರಾರಂಭಿಸಲಾಯಿತು. 2025ರಲ್ಲಿ ಇದು ದೇಶದಾದ್ಯಂತ ಬಳಕೆಗೆ ಬಂದಿತು. ಕಬ್ಬು, ಮುಸುಕಿನ ಜೋಳ ಮುಂತಾದ ಬೆಳೆಗಳಿಂದ ಈಥನಾಲ್ ತಯಾರಾಗುವುದರಿಂದ ನಮ್ಮ ರೈತರಿಗೆ ಇದರಿಂದ ಅನುಕೂಲವೇ ಇದೆ. ಆದುದರಿಂದ ಇದನ್ನು ದೂಷಿಸುವುದಕ್ಕಿಂತ ಇದರ ಗುಣವನ್ನು ತಿಳಿದು ನಡೆದುಕೊಳ್ಳುವುದು ಮೇಲು.

ಈಥನಾಲಿನ ಮುಖ್ಯವಾದ ಗುಣವೇನೆಂದರೆ, ಅದು ನೀರನ್ನು ತನ್ನಲ್ಲಿ ಸೇರಿಸಿಕೊಳ್ಳುತ್ತದೆ. ಸ್ವಲ್ಪ ನೀರಾದರೆ ಅದು ಪೆಟ್ರೋಲಿನೊಡನೆ ಬೆರೆತೇ ಹೊರಟುಹೋಗುತ್ತದೆ. ಆದರೆ ಒಂದು ಮಿತಿಯನ್ನು ಮೀರಿದ ಕೂಡಲೆ ನೀರೂ ಈಥನಾಲೂ ಒಟ್ಟಾಗಿ ಪೆಟ್ರೋಲಿನಿಂದ ಬೇರ್ಪಟ್ಟು ಟ್ಯಾಂಕಿನ ತಳಕ್ಕೆ ಇಳಿಯುತ್ತವೆ. ಶೇಕಡ 10 ಈಥನಾಲ್ ಇರುವ ಪೆಟ್ರೋಲಿನಲ್ಲಿ ಈ ಮಿತಿಯು ಶೇಕಡ ಸುಮಾರು ಅರ್ಧದಷ್ಟು, ಎಂದರೆ ಲೀಟರಿಗೆ ಒಂದು ಟೀ ಚಮಚದಷ್ಟು ನೀರು. ಶೇಕಡ 20 ಇರುವಲ್ಲಿ ಮಿತಿಯು ಇದಕ್ಕಿಂತ ಹೆಚ್ಚು. ಆದರೆ ಬೇರ್ಪಟ್ಟಾಗ ತಳಕ್ಕಿಳಿಯುವ ಪದಾರ್ಥವೂ ಅಷ್ಟೇ ಹೆಚ್ಚು. ಇಂಜಿನಿಗೆ ಪೆಟ್ರೋಲು ಹೋಗುವುದು ಟ್ಯಾಂಕಿನ ತಳದಿಂದಲೇ ಆದುದರಿಂದ ಮೊದಲು ಹೋಗುವುದು ಈ ನೀರುಮಿಶ್ರಿತ ಮದ್ಯಸಾರವೇ. ಅದರಿಂದ ಇಂಜಿನು ಹೊತ್ತಿಕೊಳ್ಳುವುದಿಲ್ಲ. ಲೋಹದ ಭಾಗಗಳು ತುಕ್ಕು ಹಿಡಿಯುತ್ತವೆ. ಹಳೆಯ ಮಾದರಿಯ ಇಂಜಿನುಗಳಲ್ಲಿ ರಬ್ಬರಿನ ಕೊಳವೆಗಳೂ ತೆಳ್ಳನೆಯ ಪದರಗಳೂ ಈಥನಾಲಿನಿಂದ ಉಬ್ಬಿ ಅಥವಾ ಬಿರುಸಾಗಿ ಕೆಡುವುದುಂಟು. ಮಲೆನಾಡಿನ ಮಳೆಗಾಲದಲ್ಲಿ ಗಾಳಿಯಲ್ಲಿಯೇ ನೀರಿರುವುದರಿಂದ, ಅರ್ಧ ಖಾಲಿಯಾದ ಟ್ಯಾಂಕು ಮತ್ತು ಮುಚ್ಚಳ ಸಡಿಲವಾದ ಡಬ್ಬಿ ಇವೆರಡೂ ನೀರಿಗೆ ಬಾಗಿಲು ತೆರೆದಿಟ್ಟಂತೆ.

ಈಥನಾಲಿನ ಈ ಸ್ವಭಾವವನ್ನು ಕಣ್ಣಾರೆ ನೋಡಬಯಸುವವರು ಗೆರೆಗಳುಳ್ಳ 100 ಮಿಲಿಲೀಟರಿನ ಗಾಜಿನ ಅಳತೆಯಲ್ಲಿ 10 ಮಿಲಿಲೀಟರು ನೀರು ಹಾಕಿ, ಮೇಲೆ 100ರ ಗೆರೆಯವರೆಗೆ ಪೆಟ್ರೋಲು ತುಂಬಿ, ಬಾಯಿ ಮುಚ್ಚಿ ಮೆಲ್ಲನೆ ಅಲುಗಾಡಿಸಿ, ಸ್ವಲ್ಪ ಹೊತ್ತು ಇಡಬಹುದು. ಪೆಟ್ರೋಲಿನಲ್ಲಿ ಶೇಕಡ 20 ಈಥನಾಲ್ ಇದ್ದರೆ ತಳದ ನೀರು ಸುಮಾರು 28ರ ಗೆರೆಗೆ ಏರಿರುವುದು ಕಾಣುತ್ತದೆ. ಈ ಪರೀಕ್ಷೆಯನ್ನು ಬೆಂಕಿ, ಬೀಡಿ, ಒಲೆಗಳಿಂದ ದೂರವಾಗಿ ಬಯಲಿನಲ್ಲಿ ಮಾಡತಕ್ಕದ್ದು. ಪರೀಕ್ಷೆಗೆ ಬಳಸಿದ ಪೆಟ್ರೋಲನ್ನು ಇಂಜಿನಿಗೆ ಹಾಕಬಾರದು. ಬಾವಿಯ ಹತ್ತಿರ ಚೆಲ್ಲಲೂಬಾರದು.

ದ್ರವ್ಯಗಳ ವಿಧಗಳು

ಟೂ-ಸ್ಟ್ರೋಕ್ ಎಣ್ಣೆ.—ಹುಲ್ಲು ಸವರುವ ಬ್ರಷ್ ಕಟರ್, ಮರ ಕೊಯ್ಯುವ ಗರಗಸ, ಬೆನ್ನಿಗೆ ಕಟ್ಟಿಕೊಳ್ಳುವ ಸಿಂಪಡಿಸುವ ಯಂತ್ರ, ಹಳೆಯ ಸ್ಕೂಟರುಗಳು ಇವುಗಳಲ್ಲಿ ಅನೇಕವು ಟೂ-ಸ್ಟ್ರೋಕ್ ಇಂಜಿನುಗಳು. ಇವಕ್ಕೆ ಎಣ್ಣೆ ತುಂಬುವ ಬೇರೆ ತಳಪಾತ್ರೆಯಿಲ್ಲ. ಪೆಟ್ರೋಲಿನೊಡನೆ ಬಂದ ಎಣ್ಣೆಯೇ ಪಿಸ್ಟನ್ನಿಗೂ ಬೇರಿಂಗುಗಳಿಗೂ ಜಾರುವಿಕೆಯನ್ನು ಕೊಡಬೇಕು. ಆದುದರಿಂದ ಬೆರೆಸುವ ದ್ರವ್ಯಗಳಲ್ಲೆಲ್ಲಾ ಇದೊಂದು ಮಾತ್ರ ಇಲ್ಲದೆ ತೀರದು. ಎಷ್ಟು ಬೆರೆಸಬೇಕೆಂಬುದು ಯಂತ್ರದ ಕೈಪಿಡಿಯಲ್ಲಿ ಬರೆದಿರುತ್ತದೆ. ಅಳತೆಯ ಅನುಕೂಲಕ್ಕಾಗಿ ಇಲ್ಲಿ ಲೆಕ್ಕವನ್ನು ಕೊಟ್ಟಿದೆ:

25 ಪಾಲು ಪೆಟ್ರೋಲಿಗೆ 1 ಪಾಲು ಎಣ್ಣೆ: ಲೀಟರಿಗೆ 40 ಮಿಲಿಲೀಟರು, 5 ಲೀಟರಿಗೆ 200 ಮಿಲಿಲೀಟರು.
40 ಪಾಲಿಗೆ 1 ಪಾಲು: ಲೀಟರಿಗೆ 25 ಮಿಲಿಲೀಟರು; 5 ಲೀಟರಿಗೆ 125 ಮಿಲಿಲೀಟರು.
50 ಪಾಲಿಗೆ 1 ಪಾಲು: ಲೀಟರಿಗೆ 20 ಮಿಲಿಲೀಟರು, 5 ಲೀಟರಿಗೆ 100 ಮಿಲಿಲೀಟರು.

ಕಣ್ಣಂದಾಜಿನಲ್ಲಿ ಸೀಸೆಯಿಂದ ಸುರಿಯುವ ಪದ್ಧತಿಯು ಬಹಳ ಕೆಟ್ಟದ್ದು. ಎಣ್ಣೆ ಕಡಮೆಯಾದರೆ ಪಿಸ್ಟನ್ ಕಾದು ಸಿಲಿಂಡರಿಗೆ ಹಿಡಿದುಕೊಳ್ಳುತ್ತದೆ. ಆಮೇಲೆ ಇಂಜಿನಿನ ಬೆಲೆಯ ಅರ್ಧದಷ್ಟು ರಿಪೇರಿಗೇ ತಗಲಬಹುದು. ಎಣ್ಣೆ ಹೆಚ್ಚಾದರೆ ಹೊಗೆ ಬಂದು, ಸ್ಪಾರ್ಕ್ ಪ್ಲಗ್ಗಿಗೂ ಸೈಲೆನ್ಸರಿಗೂ ಮಸಿ ಕಟ್ಟುತ್ತದೆ. ಟೂ-ಸ್ಟ್ರೋಕ್ ಇಂಜಿನಿಗಾಗಿಯೇ ತಯಾರಾದ ಎಣ್ಣೆಯನ್ನೇ ಬಳಸಬೇಕು. ಟ್ರಾಕ್ಟರಿನಿಂದ ಇಳಿಸಿದ ಎಣ್ಣೆ ಎಂದಿಗೂ ಸಲ್ಲದು. ಬೇರೊಂದು ಡಬ್ಬಿಯಲ್ಲಿ ಬೆರೆಸಿ, ಚೆನ್ನಾಗಿ ಅಲುಗಾಡಿಸಿ, ಅನಂತರ ಟ್ಯಾಂಕಿಗೆ ಹಾಕತಕ್ಕದ್ದು. ಫೋರ್-ಸ್ಟ್ರೋಕ್ ಇಂಜಿನಿನ ಪೆಟ್ರೋಲಿಗೆ ಈ ಎಣ್ಣೆಯನ್ನು ಬೆರೆಸಬಾರದು.

ಪೆಟ್ರೋಲು ಕೆಡದಂತೆ ಕಾಯುವ ದ್ರವ್ಯ.—ಇದನ್ನು ‘ಸ್ಟೆಬಿಲೈಜರ್’ ಎನ್ನುತ್ತಾರೆ. ಪೆಟ್ರೋಲು ಆಮ್ಲಜನಕದೊಡನೆ ಸೇರಿ ಅಂಟಾಗುವುದನ್ನು ಇದು ನಿಧಾನಮಾಡುತ್ತದೆ. ಪೆಟ್ರೋಲನ್ನು ಒಂದು ತಿಂಗಳಿಗಿಂತ ಹೆಚ್ಚಾಗಿ ಇಡಲೇಬೇಕಾದಲ್ಲಿ ಇದರಿಂದ ನಿಜವಾದ ಪ್ರಯೋಜನವುಂಟು. ಆದರೆ ಒಂದು ವಿಷಯವನ್ನು ಮನಸ್ಸಿನಲ್ಲಿಡಬೇಕು. ಬೋರ್ಡೋ ದ್ರಾವಣವು ಕೊಳೆತ ಕಾಯಿಯನ್ನು ಮತ್ತೆ ಹಸುರು ಮಾಡಲಾರದು. ರೋಗ ತಗಲುವುದಕ್ಕೆ ಮುಂಚೆ ಹೊಡೆದಾಗ ಮಾತ್ರ ಅದು ಕಾಯಿಯನ್ನು ಕಾಪಾಡುತ್ತದೆ. ಈ ದ್ರವ್ಯದ ವಿಷಯವೂ ಹಾಗೆಯೇ. ಬಂಕಿನಿಂದ ತಂದ ದಿವಸವೇ ಹೊಸ ಪೆಟ್ರೋಲಿಗೆ ಬೆರೆಸಿದರೆ ಉಪಯೋಗ. ಆರು ತಿಂಗಳು ನಿಂತು ಹುಳಿತ ವಾರ್ನಿಷಿನಂತೆ ನಾರುವ ಪೆಟ್ರೋಲಿಗೆ ಸುರಿದರೆ ವ್ಯರ್ಥ. ಬೆರೆಸಿದ ಮೇಲೆ ಇಂಜಿನನ್ನು ಹತ್ತು ನಿಮಿಷ ಓಡಿಸಬೇಕು. ಹಾಗೆ ಮಾಡದಿದ್ದರೆ ದ್ರವ್ಯವು ಟ್ಯಾಂಕಿನಲ್ಲಿಯೇ ಉಳಿದು, ಕಾರ್ಬುರೇಟರಿನ ಬಟ್ಟಲಿನಲ್ಲಿ ಹಳೆಯ ಪೆಟ್ರೋಲೇ ಇರುತ್ತದೆ.

ಮಸಿಯನ್ನು ತೊಳೆಯುವ ದ್ರವ್ಯ.—ಇಂಜಿನಿನ ಒಳದಾರಿಗಳಲ್ಲಿ ಕಟ್ಟಿದ ಮಸಿಯನ್ನೂ ಜಿಡ್ಡನ್ನೂ ಕರಗಿಸುವ ಈ ದ್ರವ್ಯಗಳಲ್ಲಿ ಪಾಲಿಈಥರ್ ಅಮೀನ್ ಎಂಬುದು ಉತ್ತಮವಾದದ್ದು. ದಿನವೂ ಓಡುವ ಇಂಜಿನಿಗೆ ಸೀಸೆಯ ಮೇಲೆ ಬರೆದ ಪ್ರಮಾಣದಲ್ಲಿ ಯಾವಾಗಲಾದರೊಮ್ಮೆ ಹಾಕಿದರೆ ದೋಷವಿಲ್ಲ. ಆದರೆ ಜೆಟ್ಟು ಪೂರ್ತಿಯಾಗಿ ಮುಚ್ಚಿದ್ದರೆ ದ್ರವ್ಯವು ಅಲ್ಲಿಗೆ ತಲಪುವುದೇ ಇಲ್ಲ. ಕಾಲುವೆಗೆ ಮಣ್ಣು ಕುಸಿದಾಗ ಮೇಲಿನಿಂದ ಎಷ್ಟು ನೀರು ಬಿಟ್ಟರೂ ಗದ್ದೆಗೆ ಹರಿಯದು, ಮಣ್ಣನ್ನು ತೆಗೆಯಲೇಬೇಕು. ಹಾಗೆಯೇ ಕಾರ್ಬುರೇಟರನ್ನು ಬಿಚ್ಚಿ, ಜೆಟ್ಟನ್ನು ತೊಳೆದು, ಗಾಳಿ ಊದಿ ಶುದ್ಧಮಾಡುವುದೊಂದೇ ದಾರಿ. ತಂತಿಯಿಂದ ಚುಚ್ಚಿ ರಂಧ್ರವನ್ನು ದೊಡ್ಡದು ಮಾಡಬಾರದು.

ನೀರನ್ನು ತೆಗೆಯುವ ದ್ರವ್ಯ.—ಈ ಹೆಸರಿನ ಸೀಸೆಗಳಲ್ಲಿ ಸಾಮಾನ್ಯವಾಗಿ ಇರುವುದು ಒಂದು ಬಗೆಯ ಮದ್ಯಸಾರವೇ. ಈಗಿನ ಪೆಟ್ರೋಲಿನಲ್ಲಿ ಐದರಲ್ಲೊಂದು ಪಾಲು ಮದ್ಯಸಾರವಿರುವಾಗ ಮತ್ತೊಂದು ಚಮಚ ಸೇರಿಸುವುದರಿಂದ ಹೆಚ್ಚಿನ ಫಲವಿಲ್ಲ. ನೀರು ಬೇರ್ಪಟ್ಟ ಪೆಟ್ರೋಲನ್ನು ಪೂರ್ತಿಯಾಗಿ ಇಳಿಸಿ ಟ್ಯಾಂಕನ್ನು ಒಣಗಿಸುವುದೇ ಸರಿಯಾದ ಚಿಕಿತ್ಸೆ.

ಆಕ್ಟೇನ್ ಹೆಚ್ಚಿಸುವ ದ್ರವ್ಯ.—ಸಣ್ಣ ಇಂಜಿನುಗಳಲ್ಲಿ ಗಾಳಿಯನ್ನು ಅದುಮುವ ಪ್ರಮಾಣವು ಸಾಧಾರಣವಾಗಿ 8ರಿಂದ 9ರಷ್ಟು ಮಾತ್ರ. ಇವಕ್ಕೆ ಬಂಕಿನ ಸಾಧಾರಣ ಪೆಟ್ರೋಲಿನ ಆಕ್ಟೇನೇ ಸಾಕು. ಅದಕ್ಕಿಂತ ಹೆಚ್ಚಿಸಿದರೆ ಶಕ್ತಿಯೂ ಹೆಚ್ಚುವುದಿಲ್ಲ, ಪೆಟ್ರೋಲೂ ಉಳಿಯುವುದಿಲ್ಲ.

ಮನೆಮದ್ದುಗಳು.—ಪೆಟ್ರೋಲಿಗೆ ನುಸಿಗುಳಿಗೆ ಹಾಕಿದರೆ ಗಾಡಿ ಹೆಚ್ಚು ದೂರ ಓಡುತ್ತದೆಂಬ ನಂಬಿಕೆ ಕೆಲವೆಡೆ ಇದೆ. ನುಸಿಗುಳಿಗೆಯ ನ್ಯಾಫ್ತಲೀನು ಪೆಟ್ರೋಲಿನಲ್ಲಿ ಕರಗುವುದು ನಿಜ. ಆದರೆ ಪೆಟ್ರೋಲು ಆರಿದ ಕಡೆಯಲ್ಲೆಲ್ಲಾ ಅದು ಮತ್ತೆ ಹರಳುಗಟ್ಟಿ ಜೆಟ್ಟನ್ನು ಮುಚ್ಚಬಹುದು. ಸೀಮೆಎಣ್ಣೆಯನ್ನು ಬೆರೆಸುವುದೂ ತಪ್ಪು. ಪೆಟ್ರೋಲಿನಿಂದ ಹೊತ್ತಿಸಿ ಸೀಮೆಎಣ್ಣೆಯಿಂದ ಓಡಿಸುವಂತೆ ತಯಾರಾದ ಪಂಪುಗಳ ಮಾತು ಬೇರೆ. ಉಳಿದ ಇಂಜಿನುಗಳಲ್ಲಿ ಅದು ಪೂರ್ತಿಯಾಗಿ ಸುಡದೆ ಮಸಿ ಕಟ್ಟಿ, ಕಟಕಟ ಬಡಿತವನ್ನುಂಟುಮಾಡಿ ಪಿಸ್ಟನ್ನನ್ನು ಕೆಡಿಸುತ್ತದೆ.

ಇಂಜಿನಿಗೆ ಹಿತವಾದದ್ದೆಲ್ಲಾ ಮನುಷ್ಯನಿಗೂ ಹಿತವೆಂದು ತಿಳಿಯಬಾರದು. 1921ರಲ್ಲಿ ಅಮೆರಿಕೆಯ ಥಾಮಸ್ ಮಿಜ್ಲಿ ಎಂಬವರು ಇಂಜಿನಿನ ಬಡಿತವನ್ನು ನಿಲ್ಲಿಸುವ ಗುಣವು ಸೀಸದ ಒಂದು ಸಂಯುಕ್ತಕ್ಕೆ ಇರುವುದನ್ನು ಕಂಡುಹಿಡಿದರು. 1923ರಲ್ಲಿ ಅದು ಮಾರಾಟಕ್ಕೆ ಬಂದಿತು. 1924ರಲ್ಲಿಯೇ ಅದನ್ನು ತಯಾರಿಸುತ್ತಿದ್ದ ಕೆಲಸಗಾರರಲ್ಲಿ ಕೆಲವರು ಸೀಸದ ವಿಷದಿಂದ ಮೃತಪಟ್ಟರು. ಆದರೂ ಸೀಸದ ಪೆಟ್ರೋಲು ನಮ್ಮ ದೇಶದಿಂದ ತೊಲಗಿದ್ದು 2000ದಲ್ಲಿ; ವಾಹನಗಳ ಬಳಕೆಯಿಂದ ಜಗತ್ತಿನಾದ್ಯಂತ ನಿಂತದ್ದು 2021ರಲ್ಲಿ. ಆದುದರಿಂದ ಯಾವ ಸೀಸೆಯನ್ನೇ ಆಗಲಿ ಬರಿಗೈಯಲ್ಲಿ ಬಳಸದೆ, ಮಕ್ಕಳ ಕೈಗೆ ಸಿಕ್ಕದಂತೆ ಇಡತಕ್ಕದ್ದು. ಕುಡಿಯುವ ನೀರಿನ ಅಥವಾ ಪಾನೀಯದ ಖಾಲಿ ಸೀಸೆಗೆ ಸುರಿದಿಡುವುದಂತೂ ಬಹು ಅಪಾಯಕರ.

ಸ್ಕೂಟರು ಮತ್ತು ಮೋಪೆಡ್ಡುಗಳು

ಹಾಲಿನ ಡೇರಿಗೂ ಸಂತೆಗೂ ದಿನವೂ ಓಡಾಡುವ ಸ್ಕೂಟರಿನಲ್ಲಿ ಪೆಟ್ರೋಲು ಹಳೆಯದಾಗುವುದಕ್ಕೆ ಅವಕಾಶವೇ ಇಲ್ಲ. ಅದಕ್ಕೆ ಯಾವ ದ್ರವ್ಯವನ್ನೂ ಬೆರೆಸಬೇಕಾದ ಅಗತ್ಯವಿಲ್ಲ. ಕಾಲಕಾಲಕ್ಕೆ ಇಂಜಿನಿನ ಎಣ್ಣೆಯನ್ನು ಬದಲಾಯಿಸಿ, ಗಾಳಿಯ ಫಿಲ್ಟರನ್ನೂ ಸ್ಪಾರ್ಕ್ ಪ್ಲಗ್ಗನ್ನೂ ಶುಚಿಯಾಗಿಟ್ಟರೆ ಸಾಕು. ಶೇಕಡ 20ರ ಮಿಶ್ರಣದಿಂದ ಗಾಡಿಯ ಓಟ ಸ್ವಲ್ಪ ಕಡಮೆಯಾಯಿತೆಂದು ಕೆಲವರು ಹೇಳುವುದುಂಟು. ಈಥನಾಲಿನಲ್ಲಿ ಪೆಟ್ರೋಲಿಗಿಂತ ಸುಮಾರು ಮೂರರಲ್ಲೊಂದು ಪಾಲು ಶಕ್ತಿ ಕಡಮೆಯಿರುವುದರಿಂದ ಇದು ಸಹಜವೇ. ಹಿಂದಿನ ಪೆಟ್ರೋಲಿಗೆ ತಕ್ಕಂತೆ ತಯಾರಾದ ದ್ವಿಚಕ್ರ ವಾಹನಗಳಲ್ಲಿ ಶೇಕಡ 3ರಿಂದ 4ರಷ್ಟು ಓಟ ಕಡಮೆಯಾಗಬಹುದೆಂದು ನೀತಿ ಆಯೋಗವು 2021ರ ತನ್ನ ವರದಿಯಲ್ಲಿ ಅಂದಾಜು ಮಾಡಿದೆ. ಇದನ್ನು ಸೀಸೆಯ ದ್ರವ್ಯದಿಂದ ತುಂಬಿಕೊಳ್ಳಲಾಗುವುದಿಲ್ಲ. 2020ರ ಏಪ್ರಿಲ್‌ನಿಂದೀಚೆಗೆ ತಯಾರಾದ ಗಾಡಿಗಳ ಹೊಗೆಕೊಳವೆಯಲ್ಲಿ ಹೊಗೆಯನ್ನು ಶುದ್ಧಿಮಾಡುವ ಸಾಧನವಿರುತ್ತದೆ. ಲೋಹದ ಅಂಶವುಳ್ಳ ದ್ರವ್ಯಗಳು ಈ ಸಾಧನವನ್ನು ಕೆಡಿಸುವುದರಿಂದ ಕೈಪಿಡಿಯಲ್ಲಿ ಒಪ್ಪಿಗೆಯಿಲ್ಲದ ಯಾವುದನ್ನೂ ಬಳಸಬಾರದು.

ಔಷಧಿ ಹೊಡೆಯುವ ಮತ್ತು ಹುಲ್ಲು ಸವರುವ ಯಂತ್ರಗಳನ್ನು ಕೊಳ್ಳುವವರು ಅವು ಶೇಕಡ 20ರ ಈಥನಾಲಿಗೆ ತಕ್ಕವೇ ಎಂಬುದನ್ನು ಮೊದಲೇ ವಿಚಾರಿಸಬೇಕು. ಅನೇಕ ಸಣ್ಣ ಇಂಜಿನುಗಳ ಕೈಪಿಡಿಗಳಲ್ಲಿ ಶೇಕಡ 10ಕ್ಕೆ ಮೀರಬಾರದೆಂದು ಬರೆದಿರುತ್ತದೆ. ಅಂತಹ ಯಂತ್ರವು ಈಗಾಗಲೇ ಮನೆಯಲ್ಲಿದ್ದರೆ ಅದರಲ್ಲಿ ಪೆಟ್ರೋಲನ್ನು ನಿಲ್ಲಗೊಡಿಸದೆ, ಕೆಲಸ ಮುಗಿದೊಡನೆ ಖಾಲಿಮಾಡುವುದು ಇನ್ನೂ ಹೆಚ್ಚು ಅವಶ್ಯಕ.

ಕೆಲಸದ ಕಾಲ ಮುಗಿದ ಮೇಲೆ ಮಾಡಬೇಕಾದ ಕ್ರಮ

1. ಇಂಜಿನು ಪೂರ್ತಿ ತಣ್ಣಗಾದ ಮೇಲೆ ಟ್ಯಾಂಕಿನಲ್ಲಿರುವ ಪೆಟ್ರೋಲನ್ನೆಲ್ಲಾ ಲೋಹದ ಡಬ್ಬಿಗೆ ಇಳಿಸತಕ್ಕದ್ದು. ಅದು ಹೊಸದೂ ಎಣ್ಣೆ ಬೆರೆಸದ್ದೂ ಆಗಿದ್ದರೆ ಸ್ಕೂಟರಿಗೆ ಹಾಕಿ ಮುಗಿಸಬಹುದು. ಎಣ್ಣೆ ಬೆರೆಸಿದ್ದನ್ನು ಅದೇ ಪ್ರಮಾಣ ಬೇಕಾದ ಬೇರೆ ಟೂ-ಸ್ಟ್ರೋಕ್ ಯಂತ್ರಕ್ಕೆ ಮಾತ್ರ ಬಳಸಬೇಕು.

2. ಅನಂತರ ಇಂಜಿನನ್ನು ಹೊತ್ತಿಸಿ, ತಾನಾಗಿಯೇ ನಿಲ್ಲುವವರೆಗೆ ಓಡಿಸಬೇಕು. ಇದರಿಂದ ಕೊಳವೆಯಲ್ಲಿ ಉಳಿದ ಪೆಟ್ರೋಲು ಮುಗಿಯುತ್ತದೆ.

3. ಕಾರ್ಬುರೇಟರಿನ ಬಟ್ಟಲಿಗೆ ತಿರುಪು ಇದ್ದರೆ ಅದನ್ನು ಸಡಿಲಿಸಿ ಕೊನೆಯ ತೊಟ್ಟನ್ನೂ ಇಳಿಸಬೇಕು. ಈ ಕೆಲಸಕ್ಕೆ ಐದು ನಿಮಿಷವೂ ಬೇಕಾಗದು; ಇದೊಂದನ್ನು ಮಾಡಿದವರಿಗೆ ಸೀಸೆಯ ಅಗತ್ಯವೇ ಬಹುಮಟ್ಟಿಗೆ ತಪ್ಪುತ್ತದೆ.

4. ಸ್ಪಾರ್ಕ್ ಪ್ಲಗ್ಗನ್ನು ಬಿಚ್ಚಿ, ಆ ರಂಧ್ರದಲ್ಲಿ ಒಂದು ಚಮಚ ಶುದ್ಧವಾದ ಇಂಜಿನ್ ಎಣ್ಣೆಯನ್ನು ಹಾಕಿ, ಹಗ್ಗವನ್ನು ಎರಡು ಮೂರು ಸಲ ಮೆಲ್ಲನೆ ಎಳೆದು, ಪ್ಲಗ್ಗನ್ನು ಮತ್ತೆ ಕೂಡಿಸಬೇಕು. ಇದರಿಂದ ಸಿಲಿಂಡರಿಗೆ ತುಕ್ಕು ಹಿಡಿಯುವುದಿಲ್ಲ.

5. ಪಂಪಿನಲ್ಲಿಯೂ ಕೊಳವೆಗಳಲ್ಲಿಯೂ ಬೋರ್ಡೋ ದ್ರಾವಣ ಉಳಿಯದಂತೆ ಶುದ್ಧವಾದ ನೀರು ಹಾಯಿಸಿ ತೊಳೆಯಬೇಕು. ಮೈಲುತುತ್ತವು ಕಬ್ಬಿಣವನ್ನು ತಿನ್ನುತ್ತದೆ.

6. ಪೆಟ್ರೋಲನ್ನು ಇಡಲೇಬೇಕಾದರೆ, ತಂದ ದಿವಸವೇ ಸ್ಟೆಬಿಲೈಜರ್ ಬೆರೆಸಿ, ಮುಚ್ಚಳ ಭದ್ರವಾದ ಡಬ್ಬಿಯನ್ನು ತುಂಬಿಸಿ, ಮೇಲೆ ತಾರೀಖನ್ನು ಬರೆದು, ನೆರಳಿನಲ್ಲಿ, ಒಲೆಯಿಂದಲೂ ಹುಲ್ಲಿನ ಬಣವೆಯಿಂದಲೂ ದೂರವಾಗಿ ಇಡತಕ್ಕದ್ದು. ಲೈಸೆನ್ಸಿಲ್ಲದೆ 30 ಲೀಟರಿಗಿಂತ ಹೆಚ್ಚು ಪೆಟ್ರೋಲನ್ನು ಇಡಲು ಕಾನೂನಿನ ಅಪ್ಪಣೆಯಿಲ್ಲ.

ಕೆಲಸ ಪ್ರಾರಂಭವಾಗುವುದಕ್ಕೆ ಮುಂಚೆ

ಔಷಧಿ ಹೊಡೆಯುವ ದಿವಸ ಬೆಳಿಗ್ಗೆ ಇಂಜಿನನ್ನು ಮೊದಲ ಸಲ ಮುಟ್ಟುವುದು ದೊಡ್ಡ ತಪ್ಪು. ಮೇ ತಿಂಗಳ ಮಧ್ಯದಲ್ಲಿಯೇ ಯಂತ್ರವನ್ನು ಹೊರಗೆ ತೆಗೆದು, ಫಿಲ್ಟರನ್ನು ತೊಳೆದು, ರಬ್ಬರಿನ ಕೊಳವೆ ಬಿರಿದಿದೆಯೇ ಎಂದು ನೋಡಿ, ಬಂಕಿನಿಂದ ಹೊಸದಾಗಿ ತಂದ ಒಂದೆರಡು ಲೀಟರು ಪೆಟ್ರೋಲನ್ನು ಮಾತ್ರ ಹಾಕಿ, ಬರಿಯ ನೀರನ್ನು ಹೊಡೆಯುತ್ತಾ ಹದಿನೈದು ನಿಮಿಷ ಓಡಿಸಿ ನೋಡಬೇಕು. ಆಗ ಏನಾದರೂ ದೋಷ ಕಂಡುಬಂದರೆ ಸರಿಪಡಿಸಿಕೊಳ್ಳುವುದಕ್ಕೆ ಎರಡು ಮೂರು ವಾರಗಳ ಅವಕಾಶವಿರುತ್ತದೆ. ಮಿಕ್ಕಿದ್ದ ಹಳೆಯ ಪೆಟ್ರೋಲನ್ನು ‘ಸುಮ್ಮನೆ ಏಕೆ ಹಾಳುಮಾಡಬೇಕು’ ಎಂದು ಹೊಸದರೊಡನೆ ಬೆರೆಸುವುದು ಮಿತವ್ಯಯವಲ್ಲ. ಒಂದು ಲೀಟರು ಪೆಟ್ರೋಲನ್ನು ಉಳಿಸಹೋಗಿ ಒಂದು ತೋಟದ ಫಸಲನ್ನು ಪಣಕ್ಕೊಡ್ಡಿದಂತಾಗುತ್ತದೆ.

ಒಟ್ಟಿನಲ್ಲಿ ಹೇಳುವುದಾದರೆ, ಟೂ-ಸ್ಟ್ರೋಕ್ ಇಂಜಿನಿಗೆ ಅಳತೆ ಮಾಡಿ ಬೆರೆಸಿದ ಎಣ್ಣೆ ಅತ್ಯವಶ್ಯಕ. ಪೆಟ್ರೋಲನ್ನು ಇಡಲೇಬೇಕಾದವರಿಗೆ ಸ್ಟೆಬಿಲೈಜರ್ ಉಪಯುಕ್ತ. ಉಳಿದ ಸೀಸೆಗಳಿಲ್ಲದೆಯೂ ಸಣ್ಣ ಇಂಜಿನುಗಳು ಬಹುಕಾಲ ಬಾಳುತ್ತವೆ. ಹೊಸ ಪೆಟ್ರೋಲು, ಒಣಗಿದ ಟ್ಯಾಂಕು, ಖಾಲಿಯಾದ ಕಾರ್ಬುರೇಟರು—ಈ ಮೂರಕ್ಕೆ ಸಮನಾದ ಔಷಧವು ಅಂಗಡಿಯಲ್ಲಿ ಮಾರಾಟಕ್ಕಿಲ್ಲ. ಬೆಳೆಗಾರರು ಈ ವರ್ಷ ಎರಡನೆಯ ಸಲದ ಔಷಧಿ ಹೊಡೆದು ಮುಗಿಸಿದ ದಿವಸವೇ, ಕೊನೆಗಾರರು ಮರದಿಂದಿಳಿದು ಕೈ ತೊಳೆಯುವಷ್ಟರಲ್ಲಿ, ಇಂಜಿನಿನ ಪೆಟ್ರೋಲನ್ನು ಇಳಿಸುವ ಪದ್ಧತಿಯನ್ನು ಪ್ರಾರಂಭಿಸಿದರೆ ಮುಂದಿನ ಮುಂಗಾರಿನಲ್ಲಿ ಅದರ ಫಲವನ್ನು ತಾವೇ ಕಾಣುವರು.